ಕೈಪಂಪು ಕಲಿಸಿದ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ತಾಲ್ಲೂಕುಗಳ ಕೆಲವು ಊರುಗಳಲ್ಲಿ ಕೊಳವೆಬಾವಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಫ್ಲೋರೈಡ್ ಮಿತಿ ಮೀರಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಹಲವು ವರ್ಷಗಳಲ್ಲಿ ಮೂಳೆ, ಕೀಲುಗಳೂ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಉಳ್ಳವರು ಕ್ಯಾನಿನ ನೀರು ತರಿಸಬಲ್ಲರು. ಇಲ್ಲದವರಿಗೆ ಬೋರಿನ ನೀರೇ ಗತಿ.

ಹಾಗಾದರೆ ಬಡವರ ಮನೆಯಲ್ಲೂ ಬಾಳುವಂಥ ಸಾಧನ ಹೇಗಿರಬೇಕು? ಇಂಡಿಗೆ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಕೈಪಂಪಿನ ಕಥೆ ಇದಕ್ಕೆ ದಾರಿ ತೋರುತ್ತದೆ.

ಹಿಂದೆ ಹಳ್ಳಿಗಳಲ್ಲಿ ಹಾಕುತ್ತಿದ್ದುದು ಬೀಡುಕಬ್ಬಿಣದ ಪಂಪು. ಒಂದು ಮನೆಯವರು ಬಳಸಲೆಂದು ರೂಪಿಸಿದ ಅದನ್ನು ಊರಿಗೆ ಊರೇ ಒತ್ತತೊಡಗಿದಾಗ ಬೇಗ ಮುರಿಯುತ್ತಿತ್ತು. ಇದಕ್ಕೆ ಬದಲಾಗಿ ಸೊಲ್ಲಾಪುರದಲ್ಲಿ ಗಟ್ಟಿಯಾದ ಉಕ್ಕಿನ ಪಂಪು ತಯಾರಾಯಿತು. ಅದನ್ನೇ ಆಧರಿಸಿ ಯುನಿಸೆಫ್ ಮತ್ತು ಭಾರತ ಸರ್ಕಾರದ ಪ್ರಯತ್ನದಿಂದ 1970ರ ದಶಕದಲ್ಲಿ ‘ಇಂಡಿಯಾ ಮಾರ್ಕ್–2’ ರೂಪುಗೊಂಡಿತು.

ಆದರೆ ಅದರಲ್ಲೂ ಒಂದು ತೊಡಕಿತ್ತು. ಒಳಗಿನ ವಾಷರ್ ಸವೆದರೆ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಪೇಟೆಯಿಂದ ವಾಹನ, ಆಳುಗಳು ಬರಬೇಕು. ಅಲ್ಲಿಯವರೆಗೆ ಹಳ್ಳಿ ಕಾಯಬೇಕು. 1980ರ ದಶಕದಲ್ಲಿ ಕೊಯಮತ್ತೂರು ಸೀಮೆಯ ಹಳ್ಳಿಗಳಲ್ಲೇ ಪರೀಕ್ಷೆ ನಡೆಸಿ, ಪೈಪನ್ನು ಅಗಲಗೊಳಿಸಿದ ‘ಮಾರ್ಕ್–3’ ತಯಾರಿಸಲಾಯಿತು. ಪೈಪು ಕೀಳದೆಯೇ ಪಿಸ್ಟನ್ ಹೊರತೆಗೆಯಲು ಇದರಲ್ಲಿ ಸಾಧ್ಯ. ರಿಪೇರಿ ಊರಿನವರ ಕೈಗೆ ಬಂತು.

ಫ್ಲೋರೈಡ್ ನಿವಾರಣೆಗೂ ಈ ಮಾತು ಸಲ್ಲುತ್ತದೆ. ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ನೀರಿಗೆ ಪಟಿಕ, ಸುಣ್ಣ ಬೆರೆಸಿ ಕಲಕಿ, ತಿಳಿಯಾಗಲು ಬಿಡಬೇಕು. ಅಗ್ಗವೇನೋ ಹೌದು, ಆದರೆ ನಸುಕಿನಲ್ಲೇ ಕೂಲಿಗೆ ಹೊರಡುವ ತಾಯಿಗೆ ದಿನವೂ ಅಳೆದು ಬೆರೆಸುವ ಪುರಸೊತ್ತೆಲ್ಲಿ? ಆಕ್ಟಿವೇಟೆಡ್ ಅಲ್ಯುಮಿನಾ ಸೋಸುಕವನ್ನು ಆಗಾಗ ಕ್ಷಾರ, ಆಮ್ಲಗಳಿಂದ ತೊಳೆದು ಹೊಸದಾಗಿಸಬೇಕು. ಆರ್.ಓ. ಘಟಕಕ್ಕೆ ವಿದ್ಯುತ್ ಬೇಕು. ಅದು ಒಂದಿಷ್ಟು ನೀರನ್ನು ಹೊರಚೆಲ್ಲುತ್ತದೆ ಕೂಡ. ಯಾವುದನ್ನು ಎಲ್ಲಿ ಇಡಬೇಕು, ಯಾರು ನೋಡಿಕೊಳ್ಳಬೇಕು ಎಂಬುದನ್ನು ಕೊಡ ಹೊರುವವರನ್ನು ಕೇಳದೆ ನಿರ್ಧರಿಸಿದರೆ ಯಂತ್ರ ಮೂಲೆ ಸೇರುತ್ತದೆ.

ಈ ವಿಚಾರಣೆ ವಿದ್ಯಾರ್ಥಿಗಳಿಂದಲೇ ಆರಂಭವಾಗಬಹುದು. 2019ರಲ್ಲಿ ಶುರುವಾದ ಜಲಜೀವನ ಮಿಷನ್ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸುವ ಏರ್ಪಾಡು ಮಾಡಿದೆ. ಅವರಿಂದ ಊರಿನ ಬೋರುಗಳ ಫಲಿತಾಂಶ ಬರೆದುಕೊಳ್ಳಿ. ಮನೆಗೆ ದಿನಕ್ಕೆ ಕುಡಿಯುವ ನೀರು ಎಷ್ಟು ಕೊಡ ಬೇಕು, ತರುವವರು ಯಾರು, ಎಷ್ಟು ಹೊತ್ತಿಗೆ ಎಂದು ಓಣಿಯಲ್ಲಿ ವಿಚಾರಿಸಿ ಪಟ್ಟಿ ಮಾಡಿ. ತಂದೆತಾಯಿಯರು ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಲಿ. ಊರಿಗೆ ಎಂಥ ಘಟಕ ಬೇಕೆಂಬ ಚರ್ಚೆ ಅಲ್ಲಿಂದ ಮೊದಲಾಗಲಿ.