ದಂಡು ಹೊರಡುವ ಕಾಲ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಮನೆಗಳ ಮಕ್ಕಳು ಗಣಕಯಂತ್ರದ ಮುಂದೆಯೋ ಮೊಬೈಲಿನ ಮುಂದೆಯೋ ಕುಳಿತು ರಾಜ್ಯಗಳನ್ನು ಕಟ್ಟುವುದು, ಕೆಡಹುವುದು ಇಂದು ಸಾಮಾನ್ಯ ದೃಶ್ಯವಾಗಿದೆ. ಈ ಯುದ್ಧದಾಟಗಳಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಕೈಚಳಕವೇ ಪ್ರಧಾನ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಗುಂಡು ಹಾರಿಸಬೇಕು. ಮತ್ತೊಂದು ಸರದಿಯ ಆಟ. ಚದುರಂಗದಲ್ಲಿರುವಂತೆ ನಾನೊಂದು ನಡೆ ನಡೆದ ಮೇಲೆ ಎದುರಾಳಿ ತನ್ನ ನಡೆ ನಡೆಯುತ್ತಾನೆ. ನಡುವೆ ಯೋಚಿಸಲು ಅವಕಾಶವಿರುತ್ತದೆ. 1991ರಲ್ಲಿ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ‘ಸಿವಿಲೈಸೇಷನ್’ ಎಂಬ ಆಟ ಈ ಬಗೆಯದು. ಹಣವಿಲ್ಲದೆ ದೊರೆಯುವ ‘ವೆಸ್ನಾತ್’ ಎಂಬ ಆಟವೂ ಈ ಬಗೆಯದೇ.

ಇಂತಹ ಆಟದಲ್ಲಿ ಪಳಗಿದ ಯಾವ ಹುಡುಗನನ್ನಾದರೂ ಕೇಳಿ ನೋಡಿರಿ: ಅತ್ಯಂತ ಕಠಿಣವಾದುದು ಹೇಗೆ ಕಾದಾಡಬೇಕೆಂಬುದಲ್ಲ, ಯಾವಾಗ ದಂಡೆತ್ತಿ ಹೋಗಬೇಕೆಂಬುದು. ಬೇಗ ಹೊರಟರೆ ಕೋಟೆ ಒಡೆಯುವ ಯಂತ್ರಗಳು ಹಿಂದೆಯೇ ಉಳಿಯುತ್ತವೆ. ತಡಮಾಡಿದರೆ ಆ ಸರದಿಗಳಲ್ಲಿ ಎದುರಾಳಿ ಗೋಡೆ ಎತ್ತರಿಸಿಕೊಂಡಿರುತ್ತಾನೆ. ವೆಸ್ನಾತಿನಲ್ಲಂತೂ ಹಗಲು ರಾತ್ರಿಗಳು ಸರದಿಗಳ ಲೆಕ್ಕದಲ್ಲಿ ಉರುಳುತ್ತವೆ. ಕೆಲವು ಪಡೆಗಳಿಗೆ ಹಗಲಿನಲ್ಲಿ ಕಾಲುಪಾಲು ಬಲ ಹೆಚ್ಚು, ರಾತ್ರಿಯಲ್ಲಿ ಕಾಲುಪಾಲು ಕಡಿಮೆ. ಬೇರೆ ಕೆಲವಕ್ಕೆ ಇದು ತಿರುವುಮುರುವು. ಆದುದರಿಂದ ಜಾಣನಾದವನು ತಾನು ಹೊರಡುವ ಗಳಿಗೆಯನ್ನು ಲೆಕ್ಕಿಸುವುದಿಲ್ಲ, ಶತ್ರುವಿನ ಬಾಗಿಲನ್ನು ಮುಟ್ಟುವ ಗಳಿಗೆಯನ್ನು ಲೆಕ್ಕಿಸುತ್ತಾನೆ.

ಇದು ನಮ್ಮ ಹಿರಿಯರಿಗೆ ಅಪರಿಚಿತವಾದ ವಿದ್ಯೆಯೇನಲ್ಲ. ಹಳೆಯ ದೇವಾಲಯಗಳ ಜಗುಲಿಗಳ ಮೇಲೆ ಗೀಚಿರುವ ಆಡು-ಹುಲಿ ಆಟದ ಮನೆಗಳನ್ನು ನೋಡದವರಾರು? ಆಡುಗಳನ್ನು ಒಂದೊಂದಾಗಿ ಮಣೆಯ ಮೇಲಿಡಬೇಕು. ಎಲ್ಲವೂ ಮಣೆಗೆ ಬರುವ ತನಕ ಅವು ಕದಲುವಂತಿಲ್ಲ. ಅಷ್ಟರೊಳಗೆ ಹುಲಿ ತನಗೆ ಸಿಕ್ಕಷ್ಟನ್ನು ತಿಂದಿರುತ್ತದೆ. ಎಲ್ಲರೂ ಕೂಡುವ ಮುನ್ನ ಮುನ್ನುಗ್ಗಿದರೆ ಏನಾಗುವುದೆಂದು ಆ ಆಟ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಲೆಕ್ಕವನ್ನು ಕಲ್ಲಿನ ಮಣೆಯ ಮೇಲಲ್ಲ, ನಿಜವಾದ ನೆಲದ ಮೇಲೆ ನೋಡಬೇಕೆನ್ನುವವರಿಗೆ ಮಂಡ್ಯ ಜಿಲ್ಲೆಗಿಂತ ಉತ್ತಮವಾದ ಪಾಠಶಾಲೆ ಬೇರೆ ಇರಲಾರದು. 1771ರಿಂದ 1799ರವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ನಾಲ್ಕು ಬಾರಿ ಮಹಾಸೈನ್ಯಗಳು ಏರಿ ಬಂದವು. ಕೋಟೆ ಅದೇ, ನದಿ ಅದೇ. ನಾಲ್ಕರ ಫಲವೂ ಬೇರೆ ಬೇರೆ.

ಮೊದಲು ನದಿಯ ವಿಚಾರವನ್ನು ತಿಳಿಯಬೇಕು. ಶ್ರೀರಂಗಪಟ್ಟಣವು ಕಾವೇರಿಯ ಎರಡು ಕವಲುಗಳ ನಡುವಣ ದ್ವೀಪ. ಕೋಟೆಯಿರುವುದು ದ್ವೀಪದ ಪಶ್ಚಿಮದ ತುದಿಯಲ್ಲಿ. ಕೊಡಗಿನಲ್ಲಿ ಮುಂಗಾರು ಹಿಡಿಯುವುದು ಸಾಮಾನ್ಯವಾಗಿ ಜೂನ್ ತಿಂಗಳ ಆದಿಯಲ್ಲಿ. ಅಣೆಕಟ್ಟು ಇಲ್ಲದಿದ್ದ ಆ ಕಾಲದಲ್ಲಿ ಅನಂತರದ ಕೆಲವೇ ದಿನಗಳಲ್ಲಿ ಹೊಳೆ ತುಂಬಿ, ತಿಂಗಳುಗಟ್ಟಲೆ ಹಾಯಲಾಗದಂತೆ ಹರಿಯುತ್ತಿತ್ತು. ಬೇಸಗೆಯಲ್ಲಾದರೋ ಬಂಡೆಗಳ ನಡುವೆ ಮೊಣಕಾಲುದ್ದದ ನೀರು. ಹೀಗಾಗಿ ಮುತ್ತಿಗೆ ಹಾಕುವವನಿಗೆ ದೊರೆಯುತ್ತಿದ್ದ ಸರದಿಗಳು ಎಣಿಸಿಟ್ಟಷ್ಟೇ. ಕೋಟೆಯೊಳಗಿದ್ದವನು ಗೆಲ್ಲಲೇಬೇಕೆಂದಿರಲಿಲ್ಲ, ಜೂನ್ ಬರುವ ತನಕ ಸೋಲದಿದ್ದರೆ ಸಾಕಾಗಿತ್ತು. ಮರಾಠರು ಮಳೆಗಾಲ ಮುಗಿದು ವಿಜಯದಶಮಿಯ ಸೀಮೋಲ್ಲಂಘನದ ಬಳಿಕ ದಂಡೆತ್ತಿ ಹೊರಡುತ್ತಿದ್ದುದರ ಹಿಂದೆಯೂ ಇದೇ ಲೆಕ್ಕವಿತ್ತು.

1771ರ ಮಾರ್ಚ್ ತಿಂಗಳಲ್ಲಿ ತ್ರ್ಯಂಬಕರಾವ್ ಮಾಮನ ನಾಯಕತ್ವದ ಮರಾಠರು ಮೇಲುಕೋಟೆಯ ಬೆಟ್ಟಗಳಲ್ಲಿದ್ದ ಹೈದರಾಲಿಯನ್ನು ಒತ್ತರಿಸಿದರು. ಹೈದರನು ರಾತ್ರೋರಾತ್ರಿ ರಾಜಧಾನಿಯ ಕಡೆಗೆ ಸರಿಯಲು ಹೊರಟನು. ಬೆಳಗಾಗುವಷ್ಟರಲ್ಲಿ ಗುಟ್ಟು ರಟ್ಟಾಗಿತ್ತು. ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ಮೈಸೂರು ಸೈನ್ಯ ಛಿದ್ರವಾಯಿತು. ಹೈದರನು ಹೇಗೋ ಪಾರಾಗಿ ಶ್ರೀರಂಗಪಟ್ಟಣವನ್ನು ಸೇರಿದನು. ಆ ಗಳಿಗೆಯಲ್ಲಿ ಕೋಟೆಯನ್ನು ಕಾಯಲು ಸಾಕಷ್ಟು ಸೈನ್ಯವೇ ಇರಲಿಲ್ಲ. ಗೆದ್ದವರು ಒಡನೆ ಬೆನ್ನಟ್ಟಿ ಬಂದಿದ್ದರೆ ಕರ್ಣಾಟಕದ ಚರಿತ್ರೆಯೇ ಬೇರೆಯಾಗುತ್ತಿತ್ತೇನೋ. ಅವರು ಮೇಲುಕೋಟೆಯನ್ನು ಲೂಟಿ ಮಾಡುತ್ತ ನಿಂತರು. ಕಳೆದ ಒಂದೊಂದು ದಿನವೂ ಹೈದರನ ಪಾಲಿಗೆ ಒಂದೊಂದು ನಡೆಯಾಯಿತು. ಚದುರಿದವರು ಬಂದು ಕೂಡಿಕೊಂಡರು, ಕೋಟೆ ಸಜ್ಜಾಯಿತು. ಅನಂತರ ನಡೆದ ಮುತ್ತಿಗೆ ಫಲಿಸಲಿಲ್ಲ. ಅಂಗೈಗೆ ಬಂದ ಸರದಿಯನ್ನು ಕೈಯಾರೆ ಬಿಟ್ಟುಕೊಡುವುದೆಂದರೆ ಇದೇ.

ಇಪ್ಪತ್ತು ವರ್ಷಗಳ ತರುವಾಯ, 1791ರಲ್ಲಿ, ಲಾರ್ಡ್ ಕಾರ್ನ್‌ವಾಲಿಸ್ ಬಂದನು. ಈ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೆಂಗಳೂರಿನ ಕೋಟೆ ಮಾರ್ಚ್ 21ರಂದು ಅವನ ವಶವಾಗಿತ್ತು. ಅವನು ಶ್ರೀರಂಗಪಟ್ಟಣದತ್ತ ಹೊರಟದ್ದು ಮೇ ತಿಂಗಳ ಆದಿಯಲ್ಲಿ. ಎಂದರೆ ಮುಂಗಾರಿಗೆ ಉಳಿದದ್ದು ಒಂದೇ ತಿಂಗಳು. ಕನಕಪುರದ ಮಾರ್ಗವಾಗಿ ಬಂದು ಅರಕೆರೆಯನ್ನು ಮುಟ್ಟಿದಾಗ ಮೇ 13. ಎರಡು ದಿನಗಳ ಬಳಿಕ ಕರಿಘಟ್ಟದ ಬಳಿ ಕಾಳಗವಾಯಿತು. ಕಾಳಗವನ್ನು ಅವನೇ ಗೆದ್ದನು. ಆದರೆ ಗೆದ್ದು ಆಗಬೇಕಾದುದೇನು? ದಾರಿಯುದ್ದಕ್ಕೂ ಟಿಪ್ಪುವಿನ ಸವಾರರು ಮೇವಿನ ಬಣವೆಗಳನ್ನು ಸುಟ್ಟು, ಊರುಗಳನ್ನು ಬರಿದುಮಾಡಿದ್ದರು. ತೋಪುಗಳನ್ನೆಳೆಯುವ ಎತ್ತುಗಳು ಮೇವಿಲ್ಲದೆಯೂ ರೋಗದಿಂದಲೂ ದಿನದಿನವೂ ಸಾಯುತ್ತಿದ್ದವು. ಭಾರವಾದ ಮುತ್ತಿಗೆಯ ತೋಪುಗಳನ್ನು ಸಿಪಾಯಿಗಳೇ ಹಗ್ಗಕಟ್ಟಿ ಎಳೆಯಬೇಕಾಯಿತು. ಅಕಾಲದ ಮಳೆ ಬೇರೆ.

ಆತನ ಯೋಜನೆ ಕಾಗದದ ಮೇಲೆ ಸುಂದರವಾಗಿಯೇ ಇತ್ತು. ಪಶ್ಚಿಮದಿಂದ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ ಕೊಡಗಿನ ಮೂಲಕ ಪಿರಿಯಾಪಟ್ಟಣಕ್ಕೆ ಬಂದಿತ್ತು. ಕನ್ನಂಬಾಡಿಯ ಬಳಿ ಹೊಳೆ ದಾಟಿ ಅದನ್ನು ಕೂಡಿಕೊಂಡರೆ ಮುತ್ತಿಗೆ ಆರಂಭ. ಕನ್ನಂಬಾಡಿಗೆ ಬಂದದ್ದಾಯಿತು, ಮುಂದಕ್ಕೆ ಹೋಗಲು ಎತ್ತಿಲ್ಲ, ಅಕ್ಕಿಯಿಲ್ಲ. ಮೇ 22ರ ಸುಮಾರಿಗೆ ಅಷ್ಟು ದೂರ ಎಳೆದು ತಂದಿದ್ದ ತೋಪುಗಳನ್ನು ತನ್ನ ಕೈಯಿಂದಲೇ ನಾಶಪಡಿಸಿ, ಅಬರ್‌ಕ್ರಾಂಬಿಗೆ ಮರಳುವಂತೆ ಹೇಳಿಕಳುಹಿಸಿ, ಕಾರ್ನ್‌ವಾಲಿಸನು ಹಿಂದಿರುಗಿದನು.

ಹಿಂದಿರುಗುವ ಮೊದಲ ದಿನವೇ, ಮೇ 26ರಂದು, ದಿಗಂತದಲ್ಲಿ ಧೂಳೆದ್ದಿತು. ಶತ್ರುವೆಂದು ಇಂಗ್ಲಿಷರು ಸಜ್ಜಾದರು. ಬಂದವರು ಅವರದೇ ಮಿತ್ರರು: ಹರಿಪಂತ ಮತ್ತು ಪರಶುರಾಮ ಭಾವೂ ಇವರ ಮರಾಠಾ ಸೈನ್ಯ. ಅವರೊಡನೆ ಧಾನ್ಯವಿತ್ತು, ಎತ್ತುಗಳಿದ್ದವು. ಅವರು ಅಷ್ಟು ಸಮೀಪದಲ್ಲಿದ್ದರೆಂಬ ಸುದ್ದಿ ಕಾರ್ನ್‌ವಾಲಿಸನನ್ನು ಮುಟ್ಟದಂತೆ ಟಿಪ್ಪುವಿನ ಗೂಢಚಾರರು ಹರಿಕಾರರನ್ನು ಹಾದಿಯಲ್ಲೇ ತಡೆದಿದ್ದರು. ಕೆಲವೇ ದಿನಗಳ ಅಂತರ! ಆಟದ ಮಾತಿನಲ್ಲಿ ಹೇಳುವುದಾದರೆ ಶತ್ರುಪಾಳೆಯದ ಸುತ್ತ ಕವಿದ ಮಂಜನ್ನು ಟಿಪ್ಪು ಹಾಗೆಯೇ ಉಳಿಸಿದನು; ಎದುರಾಳಿಯ ತೋಪುಗಳನ್ನು ಎದುರಾಳಿಯೇ ಒಡೆದುಕೊಂಡನು. ಈ ಒಂದು ನಡೆಯಲ್ಲಿ ಟಿಪ್ಪು ತೋರಿದ ಚಾತುರ್ಯಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ.

ಮೂರನೆಯ ಸಲ ಕಾರ್ನ್‌ವಾಲಿಸ್ ಅವಸರಪಡಲಿಲ್ಲ. ಮಳೆಗಾಲವನ್ನು ಕಳೆಯಗೊಟ್ಟನು. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ, ಹೀಗೆ ಬೆನ್ನ ಹಿಂದಿನ ದುರ್ಗಗಳನ್ನು ಒಂದೊಂದಾಗಿ ತೆಗೆದುಕೊಂಡು ಹಾದಿಯನ್ನು ನಿರ್ಭಯಗೊಳಿಸಿದನು. ಎತ್ತುಗಳ ಹಿಂಡುಗಳ ಮೇಲೆ ಧಾನ್ಯ ಹೇರಿಕೊಂಡು ಸಂಚರಿಸುವ ಬಂಜಾರರನ್ನು ಒಲಿಸಿಕೊಂಡನು. 1792ರ ಫೆಬ್ರವರಿ 5ರಂದು ಮಿತ್ರಸೈನ್ಯಗಳೊಡನೆ ಹಿರೋಡೆಯ ಬಳಿ ಬೀಡುಬಿಟ್ಟನು. ಫ್ರೆಂಚರ ಪಡೆಯೊಂದು ಹಿಂದೆ ಅಲ್ಲಿ ನೆಲೆಸಿದ್ದುದರಿಂದ ಇಂಗ್ಲಿಷರು ಈ ಊರನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಇಂದು ಅದು ಪಾಂಡವಪುರ. ಮಾರನೆಯ ರಾತ್ರಿಯೇ, ತೋಪುಗಳನ್ನು ಹಿಂದೆ ಬಿಟ್ಟು, ಬೆಳ್ದಿಂಗಳಿನಲ್ಲಿ ಮೂರು ಸಾಲಾಗಿ ನುಗ್ಗಿ ಹೊರಪಾಳೆಯವನ್ನು ಮುರಿದು ದ್ವೀಪದೊಳಕ್ಕೆ ಕಾಲಿಟ್ಟನು. ಮಳೆಗೆ ಇನ್ನೂ ನಾಲ್ಕು ತಿಂಗಳು ಇತ್ತು. ಕಾಯುವ ದಾರಿ ಮುಚ್ಚಿತೆಂದು ಅರಿತ ಟಿಪ್ಪು ಮಾರ್ಚ್ ತಿಂಗಳ ಸಂಧಿಯಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

1799ರಲ್ಲಿ ಸೇನಾಪತಿ ಹ್ಯಾರಿಸ್ ಬಂದನು. ವೆಲ್ಲೂರನ್ನು ಬಿಟ್ಟದ್ದು ಫೆಬ್ರವರಿ 11ರಂದು. ಕಾರ್ನ್‌ವಾಲಿಸನು 1791ರಲ್ಲಿ ಹೊರಟುದಕ್ಕೆ ಹೋಲಿಸಿದರೆ ಬಹಳ ಮುಂಚೆ. ಟಿಪ್ಪು ಹಳೆಯ ಉಪಾಯವನ್ನೇ ಮತ್ತೆ ಹೂಡಿ ನೇರ ದಾರಿಯ ಮೇವನ್ನೆಲ್ಲ ಸುಡಿಸಿದ್ದನು. ಹ್ಯಾರಿಸನು ಮಳವಳ್ಳಿಯ ಕಾಳಗದ ಬಳಿಕ ಆ ದಾರಿಯನ್ನೇ ಬಿಟ್ಟು, ಸೋಸಲೆಯ ಬಳಿ ಹೊಳೆ ದಾಟಿ, ಸುಡದೆ ಉಳಿದಿದ್ದ ದಕ್ಷಿಣದ ಸೀಮೆಗೆ ಬಂದುಬಿಟ್ಟನು. ಅಲ್ಲಿ ಮೇವೂ ದನಗಳೂ ದೊರೆತವು. ಒಮ್ಮೆ ಫಲಿಸಿದ ನಡೆಯನ್ನು ಎದುರಾಳಿ ಮರೆತಿರುವನೆಂದು ನಂಬಿದ್ದೇ ಟಿಪ್ಪುವಿಗೆ ಮುಳುವಾಯಿತು. ಏಪ್ರಿಲ್ 5ರ ಹೊತ್ತಿಗೆ ಇಂಗ್ಲಿಷರು ಕೋಟೆಯ ಎದುರಿದ್ದರು.

ಆದರೂ ಲೆಕ್ಕ ಕೂದಲೆಳೆಯಷ್ಟರಲ್ಲಿತ್ತು. ಏಪ್ರಿಲ್ 16ರಂದು ಮೂಟೆಗಳನ್ನು ಅಳೆಯಿಸಿ ನೋಡಿದಾಗ, ಕಾದಾಡುವ ಸಿಪಾಯಿಗಳಿಗೆ ಅರೆಹೊಟ್ಟೆಯ ಲೆಕ್ಕದಲ್ಲಿ ಹದಿನೆಂಟು ದಿನಗಳಿಗಾಗುವಷ್ಟು ಅಕ್ಕಿ ಮಾತ್ರ ಉಳಿದಿತ್ತೆಂದು ಹ್ಯಾರಿಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮಿಕ್ಕದ್ದು ದಾರಿಯಲ್ಲಿ ಸೋರಿಹೋಗಿತ್ತು, ಇಲ್ಲವೇ ಕಳವಾಗಿತ್ತು. ಹದಿನೆಂಟನ್ನು ಕೂಡಿಸಿರಿ: ಮೇ 4. ಕೋಟೆಯ ಪಶ್ಚಿಮದ ಗೋಡೆ ಬಿರಿದು, ಬೇರ್ಡ್‌ನ ಪಡೆ ಬಂಡೆಗಳ ನಡುವಣ ತೆಳುನೀರನ್ನು ಕೆಲವೇ ನಿಮಿಷಗಳಲ್ಲಿ ಹಾಯ್ದು ಒಳನುಗ್ಗಿದ್ದು ಅಂದೇ, ಮಧ್ಯಾಹ್ನ 1 ಗಂಟೆಯ ಸುಮಾರಿಗೆ. ಊಟದ ಹೊತ್ತಿನಲ್ಲಿ, ಉರಿಬಿಸಿಲಿನಲ್ಲಿ ಕಾವಲು ಸಡಿಲವಾಗಿರುವುದೆಂದು ಆ ಗಂಟೆಯನ್ನು ಆರಿಸಲಾಗಿತ್ತು. ಟಿಪ್ಪು ಕಾದಾಡುತ್ತಲೇ ಮಡಿದನು. ಮರುದಿನ ಸಂಜೆ ಅವನ ಶವಸಂಸ್ಕಾರದ ಬೆನ್ನಲ್ಲೇ ಗುಡುಗು ಸಿಡಿಲಿನ ಭಾರಿ ಮಳೆ ಸುರಿಯಿತು. ಅದು ಮುಂಗಾರಲ್ಲ, ಆದರೂ ಕೋಟೆಯೊಳಗಿನವರು ಕಾದು ಕುಳಿತದ್ದು ಆಕಾಶದತ್ತ ನೋಡುತ್ತಲೇ.

ಈ ನಾಲ್ಕು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದಂಶ ಸ್ಪಷ್ಟವಾಗುತ್ತದೆ. ದಂಡು ಹೊರಡಲು ತಕ್ಕ ಕಾಲವೆಂದರೆ ತನ್ನ ಬಲ ತುತ್ತತುದಿಗೆ ಮುಟ್ಟಿದ ದಿನವಲ್ಲ. 1791ರಲ್ಲಿ ಕಾರ್ನ್‌ವಾಲಿಸನು ಒಂದು ಕಾಳಗವನ್ನೂ ಸೋಲದೆ ಸೋತು ಹೋದನು. ತನ್ನ ಅಕ್ಕಿ ಎಷ್ಟು ದಿನ, ಎತ್ತು ಎಷ್ಟು ದಿನ, ಮಿತ್ರರು ಬರಲು ಎಷ್ಟು ದಿನ, ಹೊಳೆ ತುಂಬಲು ಎಷ್ಟು ದಿನ, ಈ ನಾಲ್ಕರಲ್ಲಿ ಅತ್ಯಂತ ಕಿರಿದಾದುದು ಯಾವುದೋ ಅದೇ ಅವನ ನಿಜವಾದ ಬಲ. ರಕ್ಷಿಸಿಕೊಳ್ಳುವವನ ಕೆಲಸ ಆ ಕಿರಿದನ್ನು ಇನ್ನಷ್ಟು ಕಿರಿದುಮಾಡುವುದು. ಆಟದಲ್ಲಿ ಸೋತ ಮಕ್ಕಳು ‘ಇನ್ನೂ ಎರಡು ಸರದಿ ಸಿಕ್ಕಿದ್ದರೆ’ ಎನ್ನುವಾಗ ಅವರು ಈ ಸತ್ಯದ ಹತ್ತಿರಕ್ಕೇ ಬಂದಿರುತ್ತಾರೆ; ನಗುವುದು ತರವಲ್ಲ.

ಆದರೆ ಆಟದ ಮಣೆಯ ಮೇಲೆ ಕಾಣದ ಒಂದು ಸಂಗತಿಯುಂಟು. ಅಲ್ಲಿ ಬಯಲಿನ ಮನೆ ಹಸಿರಾಗಿರುತ್ತದೆ. ಸೈನ್ಯ ಹಾದು ಹೋದ ಮೇಲೂ ಹಸಿರಾಗಿಯೇ ಇರುತ್ತದೆ. ಇಲ್ಲಿ ಸುಟ್ಟ ಮೇವು ಯಾರದು? ಶತ್ರುವಿಗೆ ಸಿಗಬಾರದೆಂದು ಸ್ವಂತ ಅರಸನ ಸವಾರರೇ ಬಣವೆಗೆ ಬೆಂಕಿಯಿಟ್ಟಾಗ ಆ ಒಕ್ಕಲಿನ ಹಟ್ಟಿಯಲ್ಲಿದ್ದ ಉಳುವ ಎತ್ತುಗಳು ಮುಂಗಾರಿನವರೆಗೆ ಏನನ್ನು ತಿನ್ನಬೇಕಿತ್ತು? ಸೇನಾಪತಿಗಳು ಮಳೆಗೆ ಅಂಜಿ ದಿನ ಎಣಿಸಿದರೆ, ಅದೇ ಮಳೆಗಾಗಿ ದಿನ ಎಣಿಸುತ್ತಿದ್ದವನು ರೈತ. ಯುದ್ಧದ ಹಂಗಾಮು ಮುಗಿಯುವ ದಿನವೇ ಅವನ ಬಿತ್ತನೆಯ ಹಂಗಾಮು ತೊಡಗಬೇಕು. ಎತ್ತಿಲ್ಲದೆ, ಬಿತ್ತನೆಯ ಬೀಜವಿಲ್ಲದೆ. ನಾಗಮಂಗಲವನ್ನು ಆ ಯುದ್ಧದ ವರ್ಷಗಳಲ್ಲಿ ಮರಾಠರು ಹಾಳುಗೆಡವಿದರು. ಪೇಟೆಯೂ ಕೋಟೆಯೂ ಇದ್ದ ಆ ಸಮೃದ್ಧ ಊರು ಬಹುಕಾಲ ತಲೆಯೆತ್ತಲಿಲ್ಲ. ಆಗ ಅತ್ತಿಕುಪ್ಪೆಯೆಂದು ಹೆಸರಾಗಿದ್ದ ಇಂದಿನ ಕೃಷ್ಣರಾಜಪೇಟೆಯ ಸೀಮೆ, ಮೇಲುಕೋಟೆಯ ತಪ್ಪಲು, ಕನ್ನಂಬಾಡಿಯ ಬಯಲು, ಇವೆಲ್ಲ ಸೈನ್ಯಗಳು ಬೀಡುಬಿಟ್ಟು ಮೇಯ್ದು ಹೋಗುವ ಹಾದಿಗಳಾಗಿದ್ದವು. ಯಾವ ಸೈನ್ಯ, ಯಾವ ಪಕ್ಷ ಎಂಬುದು ಬರಿದಾದ ಕಣಜಕ್ಕೆ ತಿಳಿಯುವುದಿಲ್ಲ.

ರಜೆಯಲ್ಲಿ ಮಕ್ಕಳೊಡನೆ ಶ್ರೀರಂಗಪಟ್ಟಣಕ್ಕೆ ಹೋಗುವ ಕುಟುಂಬಗಳು ಸಾಮಾನ್ಯವಾಗಿ ದರಿಯಾ ದೌಲತ್ ಮತ್ತು ಗುಂಬಜ್ ನೋಡಿ, ರಂಗನಾಥನ ದರ್ಶನ ಮುಗಿಸಿ ಹಿಂದಿರುಗುವುದುಂಟು. ಸಾಧ್ಯವಾದರೆ ಕೋಟೆಯ ಪಶ್ಚಿಮದ ಗೋಡೆಯವರೆಗೆ ನಡೆದು ಹೊಳೆಯನ್ನು ನೋಡಿರಿ. ಮೇ ತಿಂಗಳಲ್ಲಿ ಹೋದರೆ ಬಂಡೆಗಳು ಕಾಣಬಹುದು. ಆದರೆ ಈಗ ನೀರಿನ ಏರಿಳಿತವನ್ನು ತೀರ್ಮಾನಿಸುವುದು ಮುಂಗಾರೊಂದೇ ಅಲ್ಲ, ಮೇಲಿರುವ ಕೃಷ್ಣರಾಜಸಾಗರದ ತೂಬುಗಳೂ ಹೌದು. 1911ರಲ್ಲಿ ಆ ಕಟ್ಟೆಯ ಕೆಲಸ ತೊಡಗಿದಾಗ, ಅದೇ ಜಾಗದಲ್ಲಿ ಹಿಂದೆ ಟಿಪ್ಪು ಒಂದು ಕಟ್ಟೆಗೆ ಅಸ್ತಿಭಾರ ಹಾಕಿಸಿದ್ದನೆಂದು ಹೇಳುವ ಪರ್ಷಿಯನ್ ಶಾಸನ ದೊರೆಯಿತು. ಕಾರ್ನ್‌ವಾಲಿಸನು ತೋಪುಗಳನ್ನು ಒಡೆದುಹಾಕಿದ ಹಳೆಯ ಕನ್ನಂಬಾಡಿ ಇಂದು ಆ ಜಲಾಶಯದ ಪಾಲಾಗಿದೆ.