ರಕ್ತವ್ಯಾಧಿಗಳೂ ಅಂತರ್ಜಾಲದ ವೈದ್ಯಬೋಧೆಯೂ

ಮನೆಯಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಹತ್ತು ಮಂದಿ ಹತ್ತು ಔಷಧಗಳನ್ನು ಹೇಳುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಪದ್ಧತಿಯು. ಅಂದು ಹೇಳುತ್ತಿದ್ದವರು ನೆರೆಮನೆಯವರು, ನೆಂಟರು, ಊರಿನ ನಾಟಿವೈದ್ಯರು. ಅವರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ನಾವು ಬಲ್ಲವರಾಗಿದ್ದೆವು. ಇಂದು ಆ ಸ್ಥಾನಕ್ಕೆ ಅಂತರ್ಜಾಲವು ಬಂದಿರುವುದು. ಮೊಬೈಲಿನಲ್ಲಿ ರೋಗದ ಹೆಸರನ್ನು ಬರೆದ ಕ್ಷಣದಲ್ಲಿಯೇ ಸಾವಿರಾರು ಪುಟಗಳು ಎದುರಿಗೆ ನಿಲ್ಲುವುವು. ಆದರೆ ಹೇಳುವವರು ಯಾರು, ವಿದ್ಯಾವಂತರೋ ವ್ಯಾಪಾರಿಗಳೋ ಎಂಬುದು ಅನೇಕ ವೇಳೆ ತಿಳಿಯದು. ಈ ಬೋಧೆಯಲ್ಲಿ ಗ್ರಾಹ್ಯವಾದುದು ಯಾವುದು, ತ್ಯಾಜ್ಯವಾದುದು ಯಾವುದು ಎಂಬುದನ್ನು ರಕ್ತಕ್ಕೆ ತಗಲುವ ವ್ಯಾಧಿಗಳ ವಿಷಯದಲ್ಲಿ ವಿಚಾರಿಸುವುದೇ ಈ ಲೇಖನದ ಉದ್ದೇಶವು.

ರಕ್ತವ್ಯಾಧಿಗಳನ್ನೇ ಆರಿಸಿಕೊಳ್ಳುವುದಕ್ಕೆ ಎರಡು ಕಾರಣಗಳುಂಟು. ಇವುಗಳಲ್ಲಿ ಅನೇಕವು ವಿರಳವಾದುವು. ಒಂದು ಊರಿನಲ್ಲಿ ಅಂಥ ರೋಗಿಯು ಒಬ್ಬನಿದ್ದರೆ ಹೆಚ್ಚು. ಅವುಗಳ ತಜ್ಞರೂ ಬಹುಮಟ್ಟಿಗೆ ದೊಡ್ಡ ಪಟ್ಟಣಗಳಲ್ಲಿಯೇ ಇರುವರು. ಹೀಗಾಗಿ ತಾಯಿತಂದೆಗಳು ಅಂತರ್ಜಾಲದ ಮೊರೆಹೊಗುವುದು ಸಹಜವೇ ಆಗಿದೆ. ಎರಡನೆಯ ಕಾರಣವು ಇದಕ್ಕಿಂತ ಮುಖ್ಯವಾದುದು. ರಕ್ತದಲ್ಲಿ ಒಂದೇ ಲಕ್ಷಣವು ಹಲವು ರೋಗಗಳಿಗೆ ಸಾಮಾನ್ಯವಾಗಿರುವುದು. ಒಂದಕ್ಕೆ ಅಮೃತವಾದುದು ಇನ್ನೊಂದಕ್ಕೆ ವಿಷವಾಗಬಹುದು. ಪುಟದಲ್ಲಿ ಬರೆದುದು ಸತ್ಯವೇ ಆಗಿದ್ದರೂ ಅದು ನಮ್ಮ ರೋಗಿಗಾಗಿ ಬರೆದುದಲ್ಲದೆ ಇರಬಹುದು.

ಇದಕ್ಕೆ ಥಲಸೀಮಿಯಾ ಒಳ್ಳೆಯ ನಿದರ್ಶನವು. ಹೀಮೊಗ್ಲೋಬಿನ್ ಕಡಿಮೆಯಾಗಿದೆಯೆಂದು ಹುಡುಕಿದರೆ ಕಬ್ಬಿಣಾಂಶದ ಮಾತ್ರೆ, ಬೆಲ್ಲ, ಖರ್ಜೂರ, ಸೊಪ್ಪುಗಳ ಪಟ್ಟಿಯೇ ಮೊದಲು ಬರುವುದು. ಕಬ್ಬಿಣದ ಕೊರತೆಯಿಂದಾದ ರಕ್ತಹೀನತೆಯು ನಮ್ಮ ದೇಶದಲ್ಲಿ ಹೇರಳವಾಗಿರುವುದರಿಂದ ಆ ಉಪದೇಶವು ತಪ್ಪೆನ್ನುವಂತಿಲ್ಲ. ಆದರೆ ತೀವ್ರ ಥಲಸೀಮಿಯಾ ಇರುವ ಮಗುವಿಗೆ ಎರಡರಿಂದ ಐದು ವಾರಗಳಿಗೊಮ್ಮೆ ರಕ್ತವನ್ನು ಕೊಡಬೇಕಾಗುವುದು. ಒಂದೊಂದು ಚೀಲ ರಕ್ತದೊಡನೆ ಸುಮಾರು 200 ಮಿಲಿಗ್ರಾಂ ಕಬ್ಬಿಣವು ಒಳಸೇರುವುದು. ದೇಹವಾದರೋ ದಿನಕ್ಕೆ ಒಂದೆರಡು ಮಿಲಿಗ್ರಾಮಿಗಿಂತ ಹೆಚ್ಚು ಕಬ್ಬಿಣವನ್ನು ಹೊರಹಾಕಲಾರದು. ಉಳಿದುದು ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಸೇರಿ ಅವನ್ನು ಕೆಡಿಸುವುದು. ಕಬ್ಬಿಣವನ್ನು ಹೊರತೆಗೆಯುವ ಔಷಧವನ್ನು ವೈದ್ಯರು ಕೊಡುತ್ತಿರುವಾಗ, ಮನೆಯವರು ಕಬ್ಬಿಣದ ಟಾನಿಕ್ಕನ್ನು ಕುಡಿಸಿದರೆ ಗತಿಯೇನು?

ಇದೇ ಗೊಂದಲವು ಥಲಸೀಮಿಯಾದ ವಾಹಕರಲ್ಲಿಯೂ ಉಂಟು. ಅವರು ಆರೋಗ್ಯವಂತರೇ. ರಕ್ತವು ಮಾತ್ರ ಸ್ವಲ್ಪ ಕಡಿಮೆಯಾಗಿಯೂ ಕೆಂಪು ಕಣಗಳು ಸಣ್ಣವಾಗಿಯೂ ಇರುವುವು. ಇದನ್ನು ಕಬ್ಬಿಣದ ಕೊರತೆಯೆಂದೇ ಭಾವಿಸಿ ವರ್ಷಗಟ್ಟಲೆ ಮಾತ್ರೆ ನುಂಗುವವರುಂಟು. ನಿಜವಾಗಿ ಬೇಕಾದುದು ಫೆರಿಟಿನ್ ಪರೀಕ್ಷೆಯೂ ಹೀಮೊಗ್ಲೋಬಿನ್ ಎ2 ಪರೀಕ್ಷೆಯೂ ಆಗಿವೆ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಗರ್ಭದಲ್ಲಿಯೂ ತೀವ್ರ ರೋಗವು ಬರುವ ಸಂಭವವು ನಾಲ್ಕರಲ್ಲೊಂದು ಪಾಲು. ಮದುವೆಗೆ ಮುಂಚೆ ಅಥವಾ ಗರ್ಭದ ಆರಂಭದಲ್ಲಿಯೇ ತಿಳಿಯಬೇಕಾದ ಈ ಸಂಗತಿಯನ್ನು ಆಹಾರದ ಪಟ್ಟಿಗಳು ಹೇಳುವುದಿಲ್ಲ.

ಹೀಮೊಫಿಲಿಯಾದ ವಿಷಯವೂ ಹೀಗೆಯೇ. ರಕ್ತವು ಹೆಪ್ಪುಗಟ್ಟಲು ಬೇಕಾದ ಒಂದು ಅಂಶವು ಕಡಿಮೆಯಾಗಿರುವುದೇ ಈ ರೋಗವು. ಬಹುಮಟ್ಟಿಗೆ ಗಂಡುಮಕ್ಕಳಿಗೆ ಬರುವುದು. ಇಂಥ ಹುಡುಗನಿಗೆ ಮೊಣಕಾಲು ಊದಿ ನೋವಾದಾಗ, ಕೀಲುನೋವಿನ ಸಾಮಾನ್ಯ ಪುಟವನ್ನು ನೋಡಿ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವವು ಹೆಚ್ಚುವುದು. ಸ್ನಾಯುವಿಗೆ ಚುಚ್ಚುಮದ್ದು ಕೊಡುವುದೂ ಅಪಾಯಕರವು. ಬೇಕಾದುದು ಕೊರತೆಯಾದ ಅಂಶವನ್ನು ಬೇಗನೆ ತುಂಬುವ ಚಿಕಿತ್ಸೆಯು.

ಹಳೆಯ ಪುಟಗಳಿಂದಾಗುವ ಕೇಡು ಬೇರೊಂದು ವಿಧವಾದುದು. ದೀರ್ಘಕಾಲದ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಹಿಂದೆ ಕೆಲವೇ ವರ್ಷಗಳ ಆಯುಸ್ಸೆಂದು ಹೇಳುತ್ತಿದ್ದರು. 2001ರಲ್ಲಿ ಇಮಾಟಿನಿಬ್ ಎಂಬ ಮಾತ್ರೆಯು ಅಮೆರಿಕದಲ್ಲಿ ಮಂಜೂರಾದ ಮೇಲೆ ಆ ಲೆಕ್ಕವೇ ಬದಲಾಯಿತು. ನಿಯಮದಿಂದ ಮಾತ್ರೆಯನ್ನು ಸೇವಿಸುತ್ತ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವವರಲ್ಲಿ ಬಹುಮಂದಿ ಇಂದು ದೀರ್ಘಕಾಲ ಬಾಳುತ್ತಿರುವರು. ಆದರೆ ಹಳೆಯ ಅಂಕಿಗಳನ್ನು ಹೊತ್ತ ಪುಟಗಳು ಅಂತರ್ಜಾಲದಲ್ಲಿ ಅಳಿಯದೆ ಉಳಿಯುವುವು. ಅವನ್ನು ಓದಿ ಎದೆಗುಂದಿ ಚಿಕಿತ್ಸೆಯನ್ನೇ ಬಿಡುವವನ ನಷ್ಟವನ್ನು ತುಂಬುವವರು ಯಾರು? ಇದಕ್ಕೆ ವಿರುದ್ಧವಾಗಿ, ತೀವ್ರ ಸ್ವರೂಪದ ಲ್ಯುಕೀಮಿಯಾಗಳಲ್ಲಿ ದಿನಗಳ ವಿಳಂಬವೂ ಪ್ರಾಣಾಂತಕವಾದೀತು. ‘ರಕ್ತದ ಕ್ಯಾನ್ಸರ್’ ಎಂಬುದು ಒಂದೇ ರೋಗದ ಹೆಸರಲ್ಲ. ನಮ್ಮದು ಯಾವುದೆಂಬ ಪೂರ್ಣನಾಮವನ್ನು ತಿಳಿಯದೆ ಓದುವುದರಿಂದ ಪ್ರಯೋಜನವಿಲ್ಲ.

ಹಾಗಾದರೆ ಸತ್ಯಾಸತ್ಯಗಳನ್ನು ಪರೀಕ್ಷಿಸುವ ಒರೆಗಲ್ಲು ಉಂಟೇ? ಉಂಟು. 1997ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಸಿಲ್ಬರ್ಗ್ ಮೊದಲಾದವರು ನಾಲ್ಕು ಪ್ರಶ್ನೆಗಳನ್ನು ಸೂಚಿಸಿದರು. ಬರೆದವರು ಯಾರು, ಅವರ ಯೋಗ್ಯತೆಯೇನು? ಹೇಳಿದುದಕ್ಕೆ ಆಧಾರವೇನು? ಪುಟದ ಒಡೆಯರು ಯಾರು, ಅವರಿಗೆ ಹಣವು ಎಲ್ಲಿಂದ ಬರುವುದು? ಬರೆದುದು, ತಿದ್ದಿದುದು ಯಾವಾಗ? ಈ ನಾಲ್ಕನ್ನೂ ಯಾವ ಗೃಹಸ್ಥನಾದರೂ, ಗೃಹಿಣಿಯಾದರೂ ಕೇಳಬಹುದು. ಇದಕ್ಕೆ ವೈದ್ಯಶಾಸ್ತ್ರದ ಜ್ಞಾನವು ಬೇಕಿಲ್ಲ.

1999ರಲ್ಲಿ ಇಂಗ್ಲೆಂಡಿನಲ್ಲಿ ‘ಡಿಸರ್ನ್’ ಎಂಬ 16 ಪ್ರಶ್ನೆಗಳ ಪಟ್ಟಿಯು ಪ್ರಕಟವಾಯಿತು. ಚಿಕಿತ್ಸೆಯ ಗುಣವನ್ನು ಹೇಳುವಂತೆ ಅಪಾಯವನ್ನೂ ಹೇಳಿದೆಯೇ, ಚಿಕಿತ್ಸೆ ಮಾಡದಿದ್ದರೆ ಏನಾಗುವುದೆಂಬುದನ್ನು ವಿವರಿಸಿದೆಯೇ, ಬೇರೆ ಮಾರ್ಗಗಳುಂಟೆಂಬುದನ್ನು ತಿಳಿಸಿದೆಯೇ ಎಂಬುವು ಅದರ ಮುಖ್ಯ ಪ್ರಶ್ನೆಗಳು. ಗುಣವನ್ನು ಮಾತ್ರ ಹೊಗಳಿ ದೋಷವನ್ನು ಮುಚ್ಚುವ ಬರಹವು ಬೋಧೆಯಲ್ಲ, ಜಾಹೀರಾತು. ಜಿನೀವಾದ ಒಂದು ಸಂಸ್ಥೆಯು 1996ರಿಂದ ಯೋಗ್ಯವಾದ ಜಾಲತಾಣಗಳಿಗೆ ‘ಹಾನ್’ ಎಂಬ ಮುದ್ರೆಯನ್ನು ಕೊಡುತ್ತಿದ್ದಿತು. 2022ರ ಕೊನೆಗೆ ಆ ಕಾರ್ಯವು ನಿಂತುಹೋಯಿತು. ಆದುದರಿಂದ ಈಗಲೂ ಎಲ್ಲಿಯಾದರೂ ಆ ಮುದ್ರೆಯು ಕಂಡರೆ ಅದನ್ನೇ ನಂಬಿ ಕುಳಿತುಕೊಳ್ಳಬಾರದು.

ನಿಜವಾದರೂ ತಿಳಿಯದಂತೆ ಬರೆದುದು ನಿಷ್ಪ್ರಯೋಜಕವು. ರೋಗಿಗಳಿಗಾಗಿ ಬರೆಯುವುದು ಆರನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂತಿರಬೇಕೆಂದು ಅಮೆರಿಕದ ವೈದ್ಯಸಂಘವು ಹೇಳಿದೆ. ಕನ್ನಡಿಗರಿಗೆ ಭಾಷೆಯ ತೊಡಕು ಬೇರೆ. ಇಂಗ್ಲಿಷನ್ನು ಅರೆಬರೆಯಾಗಿ ತಿಳಿದು ಓದುವವರಿಗೆ ‘ಕೊಡಬಹುದು’, ‘ಕೊಡಕೂಡದು’ ಎಂಬ ಅಂತರವೇ ತಪ್ಪಿಹೋದೀತು. ಯಂತ್ರವು ಮಾಡಿದ ಅನುವಾದದಲ್ಲಿಯೂ ಈ ಭಯವುಂಟು. ಈಚೆಗೆ ಪ್ರಶ್ನೆಗೆ ನಯವಾಗಿ ಉತ್ತರ ಹೇಳುವ ಯಂತ್ರಗಳೂ ಬಂದಿವೆ. ಮಾತು ನಯವಾದ ಮಾತ್ರಕ್ಕೆ ನಿಜವಾಗದು. ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ.

ಕ್ಯಾನ್ಸರ್ ಮೊದಲಾದ ರೋಗಗಳನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾನೂನು ನಿಷೇಧಿಸಿರುವುದು. ಆದರೂ ಖಂಡಿತ ಗುಣವೆಂಬ ಘೋಷಣೆಯು ಕೈಯಿಂದ ಕೈಗೆ ಸಂದೇಶವಾಗಿ ಹರಿಯುತ್ತಲೇ ಇದೆ. ಖಂಡಿತವೆಂಬ ಮಾತು ಕಂಡಲ್ಲಿ ಸಂದೇಹವೇ ಬುದ್ಧಿವಂತಿಕೆಯು.

ಇಷ್ಟರಿಂದ ಅಂತರ್ಜಾಲವನ್ನು ನೋಡಲೇಬಾರದೆಂದು ವಾಚಕರು ತಿಳಿಯಬಾರದು. ದೀರ್ಘಕಾಲದ ರೋಗದಲ್ಲಿ ತಿಳಿವಳಿಕೆಯೇ ಅರ್ಧ ಬಲವು. 1963ರಲ್ಲಿ ಸ್ಥಾಪಿತವಾದ ವಿಶ್ವ ಹೀಮೊಫಿಲಿಯಾ ಒಕ್ಕೂಟ, ಸೈಪ್ರಸ್ ದ್ವೀಪದಲ್ಲಿರುವ ಅಂತರರಾಷ್ಟ್ರೀಯ ಥಲಸೀಮಿಯಾ ಒಕ್ಕೂಟ ಇವು ರೋಗಿಗಳಿಗಾಗಿ ಪುಸ್ತಕಗಳನ್ನು ಪ್ರಕಟಿಸುತ್ತಿರುವುವು. ನಮ್ಮ ದಾವಣಗೆರೆಯ ಕರ್ನಾಟಕ ಹೀಮೊಫಿಲಿಯಾ ಸೊಸೈಟಿಯು ಕನ್ನಡನಾಡಿನ ಕುಟುಂಬಗಳಿಗೆ ಹತ್ತಿರದ ಆಸರೆಯಾಗಿರುವುದು.

ಮನೆಯವರು ಅನುಸರಿಸಬೇಕಾದ ಕ್ರಮವು ಕಠಿಣವಾದುದಲ್ಲ. ರೋಗದ ಪೂರ್ಣನಾಮವನ್ನು ವೈದ್ಯರಿಂದಲೇ ಕಾಗದದ ಮೇಲೆ ಬರೆಯಿಸಿಕೊಳ್ಳತಕ್ಕದ್ದು. ಆ ಹೆಸರಿನಿಂದಲೇ ಹುಡುಕತಕ್ಕದ್ದು. ಒಂದು ಪುಟವನ್ನು ನಂಬದೆ, ಮಾರಾಟಕ್ಕೆ ಸಂಬಂಧವಿಲ್ಲದ ಎರಡು ಮೂರು ಪುಟಗಳನ್ನು ಹೋಲಿಸತಕ್ಕದ್ದು. ಸಂದೇಹಗಳನ್ನು ಪ್ರಶ್ನೆಗಳಾಗಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ಕೇಳತಕ್ಕದ್ದು. ಕೇಳುವವರೆಗೆ ನಡೆಯುತ್ತಿರುವ ಔಷಧವನ್ನು ನಿಲ್ಲಿಸಲೂ ಬಾರದು, ಹೊಸದನ್ನು ಸೇರಿಸಲೂ ಬಾರದು. ವೈದ್ಯರೂ ಅಂಥ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸಬೇಕು. ಅವರು ಬಾಗಿಲು ಮುಚ್ಚಿದರೆ ರೋಗಿಯು ಮತ್ತೆ ಮೊಬೈಲಿನ ಬಾಗಿಲನ್ನೇ ತಟ್ಟುವನು. ಓದಿ ತಿಳಿದ ಕುಟುಂಬವೂ ತಾಳ್ಮೆಯುಳ್ಳ ವೈದ್ಯರೂ ಒಂದಾದಲ್ಲಿ ರೋಗಿಗೆ ಕ್ಷೇಮವುಂಟು.