ಸಾದಾ ಓಲೆ, ಸಿಂಗರಿಸಿದ ಓಲೆ

ಪತ್ರವೆಂದರೆ ಒಕ್ಕಣೆ ಮಾತ್ರವಲ್ಲ, ಅದರ ರೂಪವೂ ಹೌದು. ಲಗ್ನಪತ್ರಿಕೆಯ ಅಂಚಿಗೆ ಹಚ್ಚಿದ ಅರಿಸಿನವಾಗಲಿ, ಸಾವಿನ ಸುದ್ದಿ ಹೊತ್ತ ಕಾರ್ಡಿನ ಹರಿದ ಮೂಲೆಯಾಗಲಿ, ಓದುವ ಮೊದಲೇ ವಾರ್ತೆಯನ್ನು ತಿಳಿಸುತ್ತಿದ್ದವು. ಇಂದಿನ ಇ-ಅಂಚೆಯಲ್ಲಿಯೂ ಇದೇ ಪ್ರಶ್ನೆ ಬೇರೊಂದು ವೇಷದಲ್ಲಿ ಎದುರಾಗುತ್ತದೆ. ಓಲೆಯನ್ನು ಬರಿಯ ಅಕ್ಷರಗಳಲ್ಲಿ ಕಳಿಸುವುದು ಲೇಸೋ, ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಿಂದ ಸಿಂಗರಿಸಿ ಕಳಿಸುವುದು ಲೇಸೋ?

1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಓಲೆ ಕಳಿಸಿದಾಗ ಅದರಲ್ಲಿದ್ದುದು ಬರಿಯ ಅಕ್ಷರ. ಆಸ್ಕಿ ಎಂಬ ಸಂಕೇತಪಟ್ಟಿಯ 128 ಸ್ಥಾನಗಳಲ್ಲಿ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗಷ್ಟೇ ಎಡೆಯಿತ್ತು. 1992ರಲ್ಲಿ ಮೈಮ್ ಎಂಬ ಕಟ್ಟಳೆ ಪ್ರಕಟವಾದ ಮೇಲೆ ಓಲೆಯು ಅನ್ಯಲಿಪಿಗಳನ್ನೂ ಚಿತ್ರಗಳನ್ನೂ ಹೊರಲು ಸಮರ್ಥವಾಯಿತು. ಎಚ್‌ಟಿಎಂಎಲ್ ಅಂಚೆಯನ್ನು ಪ್ರವೇಶಿಸಿದ್ದು ಇದೇ ಬಾಗಿಲಿನಿಂದ.

ಕನ್ನಡಿಗರಿಗೆ ಇದು ಕೇವಲ ಅಲಂಕಾರದ ಮಾತಾಗಿರಲಿಲ್ಲ. 'ಬರಹ', 'ನುಡಿ' ತಂತ್ರಾಂಶಗಳ ಮೊದಲ ದಿನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂರಿಸಲಾಗಿತ್ತು. ಫಾಂಟಿನ ಹೆಸರು ತಿಳಿದಿದ್ದರೆ ಅದು ಕನ್ನಡ. ತಿಳಿಯದಿದ್ದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಸಾದಾ ಓಲೆಗೆ ಫಾಂಟಿನ ಹೆಸರನ್ನು ಹೇಳುವ ಶಕ್ತಿಯಿಲ್ಲ, ಎಚ್‌ಟಿಎಂಎಲ್‌ಗೆ ಉಂಟು. ಆದಕಾರಣ ಪಡೆದವರ ಯಂತ್ರದಲ್ಲಿ ಅದೇ ಫಾಂಟು ಇದ್ದಲ್ಲಿ, ಕನ್ನಡವನ್ನು ಕನ್ನಡವಾಗಿ ತೋರಿಸಲು ಸಿಂಗಾರವೇ ಆಸರೆಯಾಯಿತು. ಆದರೆ ಆ ಓಲೆಗಳನ್ನು ಸಾದಾ ಪಠ್ಯವಾಗಿ ಕಾಪಿಟ್ಟವರಿಗೆ ಇಂದು ಉಳಿದಿರುವುದು ಪರಿವರ್ತಕವಿಲ್ಲದೆ ಓದಲಾಗದ ಕಗ್ಗ. ಉಡುಪಿನೊಡನೆ ಅರ್ಥವೂ ಕಳಚಿಹೋಯಿತು.

ಈ ಸಂಕಟಕ್ಕೆ ಮದ್ದಾದುದು ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಕೇರಿ ದೊರೆತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ, ನಮ್ಮ ಹೊಳೆಯ ಅರ್ಧ ಹೆಸರನ್ನು ಹೊತ್ತ 'ತುಂಗಾ' ಫಾಂಟು ಬಂದಿತು. ಈಗ ಅಕ್ಷರವು ತಾನು ಕನ್ನಡವೆಂದು ತಾನೇ ಹೇಳಿಕೊಳ್ಳುತ್ತದೆ. ಸಾದಾ ಓಲೆಗೂ ಕನ್ನಡ ಬಂದಿದೆ.

ಹಾಗಾದರೆ ಸಿಂಗಾರಕ್ಕೆ ಕೆಲಸವಿಲ್ಲವೇ? ಇದೆ. ಕಂದಪದ್ಯವೊಂದಕ್ಕೆ ಪ್ರಸ್ತಾರ ಹಾಕಿ ಕಳಿಸಿ ನೋಡಿ. ಸಾದಾ ಓಲೆಯಲ್ಲಿ ಲಘು-ಗುರುಗಳ ಗುರುತು ತನ್ನ ಅಕ್ಷರದ ನೆತ್ತಿಯಿಂದ ಜಾರಿ ಪಕ್ಕದವನ ಮೇಲೆ ಕೂರುತ್ತದೆ. ಎಚ್‌ಟಿಎಂಎಲ್‌ನ ಕೋಷ್ಟಕದಲ್ಲಿ ಪ್ರತಿಯೊಂದೂ ತನ್ನ ಮನೆಯಲ್ಲಿರುತ್ತದೆ. ಶೀರ್ಷಿಕೆ, ದಪ್ಪಕ್ಷರಗಳು ದೀರ್ಘ ಪತ್ರದಲ್ಲಿ ಕಣ್ಣಿಗೆ ದಾರಿ ತೋರುತ್ತವೆ.

ದೋಷಗಳೂ ಸಣ್ಣವಲ್ಲ. ಸಿಂಗರಿಸಿದ ಓಲೆಯಲ್ಲಿ ಮೇಲೆ ಬ್ಯಾಂಕಿನ ಹೆಸರು ಕಾಣಿಸಿ, ಒಳಗಿನ ಕೊಂಡಿ ವಂಚಕನ ತಾಣಕ್ಕೆ ಒಯ್ಯಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಅಡಗಿಸಿಟ್ಟು, ನೀವು ಓಲೆಯನ್ನು ಯಾವಾಗ ತೆರೆದಿರೆಂಬುದನ್ನು ಕಳಿಸಿದವನು ಅರಿಯಬಹುದು. ಆಮಂತ್ರಣವನ್ನು ಬರಿಯ ಚಿತ್ರವಾಗಿ ಕಳಿಸಿದರೆ, ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಹಿಡಿಯಲು ಅಕ್ಷರಗಳೇ ಸಿಗದೆ ಹೋಗಬಹುದು.

ಮೈಮ್ ಕಟ್ಟಳೆಯಲ್ಲಿ ಇದಕ್ಕೊಂದು ನಡುದಾರಿಯುಂಟು. ಒಂದೇ ಓಲೆಯಲ್ಲಿ ಸಾದಾ ಪಾಠ, ಸಿಂಗರಿಸಿದ ಪಾಠ ಎರಡನ್ನೂ ಇಡಬಹುದು. ಪಡೆದವರ ತಂತ್ರಾಂಶ ತನಗೆ ಒಗ್ಗುವುದನ್ನು ತೋರಿಸುತ್ತದೆ. ಒಂದೇ ಮೂರ್ತಿಯಲ್ಲಿ ಹರಿಯೂ ಹರನೂ ನೆಲೆಸಿದ ಹರಿಹರದವರಿಗೆ ಈ ಉಪಾಯ ಹೊಸತೆನಿಸದು. ಆದರೆ ಗುಡಿಯಲ್ಲಿ ಎರಡು ರೂಪಗಳೂ ಒಟ್ಟಿಗೆ ಕಾಣುತ್ತವೆ. ಓಲೆಯಲ್ಲಿ ಕಾಣುವುದು ಒಂದೇ. ಸಾದಾ ಪಾಠವನ್ನು ಬರಿದಾಗಿ ಬಿಟ್ಟರೆ ಅದನ್ನೇ ನಂಬಿದವನಿಗೆ ಏನೂ ಸಲ್ಲದು.

ಹೊಯ್ಸಳ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಆ ಗುಡಿಯ ಶಾಸನಗಳನ್ನು ವಿದ್ವಾಂಸರು ಇಂದಿಗೂ ಓದಬಲ್ಲರು. ಕಲ್ಲು ಸವೆದರೂ ಅಲ್ಲಿನ ಅಕ್ಷರ ಅಕ್ಷರವಾಗಿಯೇ ಉಳಿದಿದೆ. ನಮ್ಮ ಓಲೆಗಳಿಗೂ ಇದೇ ಒರೆಗಲ್ಲಾಗಲಿ: ಸಿಂಗಾರವನ್ನೆಲ್ಲ ತೆಗೆದ ಮೇಲೂ ಹೇಳಬೇಕಾದ ಮಾತು ಉಳಿಯುವುದಾದರೆ, ಆಗ ಸಿಂಗರಿಸಲು ಅಡ್ಡಿಯಿಲ್ಲ.